ಕೈಸೈಕಲ್ಲು ಹತ್ತದ ಮಹಡಿ

ತುಂಬಾ ಹಿಂದೆ, ಇನ್ನೂ ಎರಡು ಜಡೆ ಹಾಕಿಕೊಳ್ಳುತ್ತಿದ್ದ ವಯಸ್ಸಿನಲ್ಲಿ, ಅವಳು ಅಮ್ಮನಿಗೆ ಒಂದು ಮಾತು ಕೊಟ್ಟಿದ್ದಳು. “ಇನ್ಮೇಲೆ ನನ್ನನ್ನ ಯಾರೂ ಎತ್ಕೋಬೇಕಾಗಿಲ್ಲಮ್ಮ. ನೀನೂ ಅಷ್ಟೇ, ಬೇರೆಯವರೂ ಅಷ್ಟೇ.”

ಮಾತು ಕೊಟ್ಟದ್ದು ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ. ಅಂದು ತೋರಿಸಲು ಬಂದಿದ್ದು ಅವಳ ಕಾಲನ್ನಲ್ಲ, ಅಮ್ಮನ ಸೊಂಟವನ್ನು. ಡಾಕ್ಟರು ಬೆನ್ನು ಒತ್ತಿ ನೋಡಿ, ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಇನ್ನು ಭಾರ ಎತ್ತಬಾರದು ಎಂದಿದ್ದರು. “ಅಯ್ಯೋ, ನಾನೆಲ್ಲಿ ಭಾರ ಎತ್ತುತ್ತೀನಿ ಡಾಕ್ಟ್ರೇ?” ಎಂದು ಅಮ್ಮ ಕೇಳಿದ್ದಳು, ಇಷ್ಟುದ್ದದ ಮಗಳನ್ನು ಕಂಕುಳಲ್ಲಿ ಅವುಚಿಕೊಂಡೇ. ಡಾಕ್ಟರಿಗೆ ನಗು ಬಂದಿತ್ತು. ಮಗಳಿಗೆ ಬರಲಿಲ್ಲ.

ಪೋಲಿಯೊ ಹನಿ ಹಾಕುವವರು ಬೀದಿಗೆ ಬಂದಾಗ ಅಮ್ಮ ಕೂಲಿಗೆಂದು ದೂರ ಹೋಗಿದ್ದಳು, ಕೂಸನ್ನೂ ಕಟ್ಟಿಕೊಂಡು. ಮನೆಗೆ ಬೀಗ. ಬಂದವರು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಒಂದು ಗುರುತು ಗೀಚಿ ಮುಂದೆ ಹೋದರು. ಆಮೇಲೆ ಒಂದು ಜ್ವರ ಬಂತು. ಜ್ವರ ಇಳಿಯಿತು, ಜೊತೆಗೆ ಕಾಲಿನ ಬಲವೂ ಇಳಿದುಹೋಯಿತು. ಅಲ್ಲಿಂದ ಅಮ್ಮ ಮಗಳ ಪಾದ ನೆಲಕ್ಕೆ ತಾಗಲು ಬಿಡಲಿಲ್ಲ. ಶಾಲೆಗೆ, ನಲ್ಲಿಗೆ, ಬಚ್ಚಲಿಗೆ, ಎಲ್ಲಕ್ಕೂ ಕಂಕುಳೇ. ತಪ್ಪು ನನ್ನದು ಎಂದು ಅವಳು ಬಾಯಿಬಿಟ್ಟು ಯಾರಲ್ಲೂ ಹೇಳಿಕೊಂಡವಳಲ್ಲ. ಆದರೆ ಆ ಮನೆಯ ಬಾಗಿಲಿಗೆ ಆಮೇಲೆ ಬೀಗ ಬಿದ್ದದ್ದನ್ನು ಯಾರೂ ಕಂಡಿಲ್ಲ.

ಮಾತು ಕೊಟ್ಟ ಹುಡುಗಿ ಮಾತಿಗೆ ತಕ್ಕಂತೆ ಬೆಳೆದಳು. ಸಮನೆಲಕ್ಕೆ ಎರಡು ಊರುಗೋಲು. ಮೆಟ್ಟಿಲಿಗೆ ಬೇರೆಯೇ ವಿದ್ಯೆ: ಮೆಟ್ಟಿಲಿಗೆ ಬೆನ್ನು ಕೊಟ್ಟು ಕುಳಿತು, ಮೇಲಿನ ಮೆಟ್ಟಿಲಿಗೆ ಎರಡೂ ಅಂಗೈ ಊರಿ, ಉಸಿರು ಬಿಗಿಹಿಡಿದು ಸೊಂಟವನ್ನು ಮೇಲಕ್ಕೆ ಎಳೆದುಕೊಳ್ಳುವುದು. ಹೀಗೆ ಏರುವವರಿಗೆ ತಲುಪುವ ಜಾಗ ಕಾಣುವುದಿಲ್ಲ, ಬಿಟ್ಟುಬಂದ ಜಾಗ ಮಾತ್ರ ಕಾಣುತ್ತಿರುತ್ತದೆ. ಹೊಲಿಗೆ ಕಲಿತದ್ದೂ ಕೈಯಿಂದ ತಿರುಗಿಸುವ ಮಶೀನಿನ ಮೇಲೆ. ಶಾಲೆ ಮಕ್ಕಳ ಯೂನಿಫಾರ್ಮು ಹೊಲಿದು ಹೊಲಿದು ತೋಳು ಎಷ್ಟು ಗಟ್ಟಿಯಾಯಿತೆಂದರೆ, ತನ್ನ ರವಿಕೆಯ ತೋಳಿಗೆ ತಾನೇ ಅಳತೆ ಸಾಲದೆ ಪಟ್ಟಿ ಕೊಡಬೇಕಾಗುತ್ತಿತ್ತು. ಎಲ್ಲರ ಬಾಯಲ್ಲೂ ಅವಳು ಟೈಲರಮ್ಮ.

ಮದುವೆಗೆ ಮುಂಚೆಯೇ ಗಂಡನಿಗೆ ಹೇಳಿದ್ದಳು. ಅವನು ಬಾಡಿಗೆ ವ್ಯಾನು ಓಡಿಸುವವನು, ದಿನಾ ಮೂಟೆ ಏರಿಸಿ ಇಳಿಸುವವನು. “ಅಷ್ಟೇ ತಾನೇ? ನಂಗೂ ಒಂದು ಮೂಟೆ ಕಮ್ಮಿ ಆಯ್ತು ಬಿಡು,” ಎಂದು ನಕ್ಕಿದ್ದ. ಮಗಳು ಹುಟ್ಟಿದ ದಿನ ಹೆರಿಗೆ ಕೋಣೆಯ ಎತ್ತರದ ಮಂಚಕ್ಕೂ ಅವಳು ತೋಳಿನ ಬಲದಲ್ಲೇ ಏರಿದ್ದಳು. ಆಯಾ ಬಾಯಿಗೆ ಬಂದಂತೆ ಬೈದಿದ್ದಳು. ಅಮ್ಮ ಮಾತ್ರ ಅಕ್ಕಪಕ್ಕದವರ ಮುಂದೆ ಇದನ್ನೇ ಹೇಳಿಕೊಂಡು ತಿರುಗುತ್ತಿದ್ದಳು: “ನನ್ನ ಮಗಳನ್ನ ಕಟ್ಟಿಕೊಂಡ ಗಂಡನೂ ಎತ್ತಿಲ್ಲ, ಗೊತ್ತಾ?”

ಇಂಥವಳನ್ನು ಅಂಗವಿಕಲರ ಸಂಘದವರು ಹುಡುಕಿಕೊಂಡು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಪೋಲಿಯೊ ಹೋಗೇ ಹೋಯಿತೆಂದು ಜನ ಮೈಮರೆತಿದ್ದಾರೆ, ಹನಿ ಹಾಕುವವರಿಗೆ ಬಾಗಿಲು ತೆಗೆಯುವುದಿಲ್ಲ, ರೋಗ ಮತ್ತೆ ಇಣುಕಿದರೆ ಗತಿಯೇನು ಎಂದು ಸಂಘದ ಕಾರ್ಯದರ್ಶಿ ಅರ್ಧ ಗಂಟೆ ಕೊರೆದ. ಕೈಯಿಂದ ಪೆಡಲು ತಿರುಗಿಸುವ ಮೂರು ಚಕ್ರದ ಸೈಕಲ್ಲಿನಲ್ಲಿ ಊರಿಂದ ಊರಿಗೆ ಹೋಗಿ, ಎಲ್ಲ ಕಡೆ ಎರಡು ಮಾತಾಡಿ, ಕೊನೆಗೆ ದೊಡ್ಡ ಊರಿನಲ್ಲಿ ಮಂತ್ರಿಗಳ ಮುಂದೆ ಮುಗಿಸಬೇಕು. ಹಿಂದೆ ವ್ಯಾನು ಬರುತ್ತದೆ. ಅವಳು ಒಪ್ಪಿದಳು, ಒಂದೇ ಒಂದು ಷರತ್ತು ಹಾಕಿ. “ದಾರಿ ಪೂರ್ತಿ ನನ್ನ ಕೈಯಲ್ಲೇ. ಏರು ಬಂತು ಅಂತ ತಳ್ಳೋದು, ವೇದಿಕೆ ಬಂತು ಅಂತ ಎತ್ತೋದು ಯಾವುದೂ ಇಲ್ಲ.”

ಈಗ ಮೂರು ವಾರ ಕಳೆದಿತ್ತು. ಉಳಿದದ್ದು ಒಂದು ದಿನದ ದಾರಿ.

ಮೂರು ವಾರದಲ್ಲಿ ಅವಳಿಗೆ ಅರ್ಥವಾದದ್ದು ಇಷ್ಟು: ಅಂಗವಿಕಲರಿಗೆಂದೇ ಸಭೆ ಮಾಡುವವರೂ ವೇದಿಕೆಗೆ ಮೆಟ್ಟಿಲು ಕಟ್ಟಿಯೇ ಕಟ್ಟುತ್ತಾರೆ. ಅಂಥ ಕಡೆ ಅವಳು ನೆಲದಲ್ಲೇ, ಸೈಕಲ್ಲಿನಲ್ಲೇ ಕುಳಿತು ಮೈಕು ಕೆಳಗೆ ತರಿಸಿಕೊಳ್ಳುತ್ತಿದ್ದಳು. ವೇದಿಕೆಯ ಮೇಲಿದ್ದ ದೊಡ್ಡವರು ಬಗ್ಗಿ ಬಗ್ಗಿ ನೋಡಬೇಕಾಗುತ್ತಿತ್ತು. ಭಾಷಣವೂ ಸವೆದಿತ್ತು. ‘ಎರಡು ಹನಿ ತಪ್ಪಿದ್ದಕ್ಕೆ ನನ್ನ ಕಾಲು ಹೀಗಾಯಿತು’ ಎಂಬ ವಾಕ್ಯ ಮೊದಲ ಊರಿನಲ್ಲಿ ಹೇಳುವಾಗ ಎರಡು ಸಲ ನಿಲ್ಲಿಸಿ ನೀರು ಕುಡಿದಿದ್ದಳು. ಈಗ ಅದನ್ನು ಹೇಳುತ್ತಲೇ ಸಂಜೆ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡಬೇಕು ಎಂದು ನೆನಪಿಸಿಕೊಳ್ಳುವಷ್ಟು ರೂಢಿಯಾಗಿತ್ತು. ಹಳೆಯ ಜೀನ್ಸಿನ ಬಟ್ಟೆಯಲ್ಲಿ ತಾನೇ ಹೊಲಿದುಕೊಂಡ ಕೈಗವಸು ಹೆಬ್ಬೆರಳ ಬುಡದಲ್ಲಿ ಹರಿದು, ಅದರ ಕೆಳಗಿನ ಚರ್ಮವೂ ಹರಿದಿತ್ತು. ಕೂತು ಕೂತು ತೊಡೆಯ ಹಿಂದೆ ಹುಣ್ಣು. ಎಲ್ಲಕ್ಕಿಂತ ಹೆಚ್ಚಿನ ನೋವು ಬಲ ಹೆಗಲಿನದು. ಹ್ಯಾಂಡಲ್ ಮೇಲಕ್ಕೆ ಹೋದಾಗಲೆಲ್ಲ ಹೆಗಲ ಸಂದಿಯಲ್ಲಿ ಮುರಿದ ಸೂಜಿಯೊಂದು ಕೂತಂತೆ ಚುಚ್ಚುತ್ತಿತ್ತು.

ನಿನ್ನೆಯ ದಾರಿಯಲ್ಲಿ ಉದ್ದನೆಯ ಏರೊಂದಿತ್ತು. ಗಂಡ ವ್ಯಾನನ್ನು ಪಕ್ಕಕ್ಕೆ ತಂದು ಕಿಟಕಿಯಿಂದ ತಲೆ ಹೊರಗೆ ಹಾಕಿದ.

“ಏನೇ, ಈ ಏರು ಮುಗಿಯೋವರೆಗೆ ಸೈಕಲ್ ಒಳಗೆ ಹಾಕ್ಕೊಳ್ಳೋಣ. ನೀನೇ ಹತ್ತಿ ಕೂತ್ಕೋ, ನಾನೇನು ಮುಟ್ಟಲ್ಲ.”

“ಬೇಡ.”

“ಇಲ್ಲಿ ನಾಯಿ ನರಪಿಳ್ಳೆ ಇಲ್ಲ. ಯಾರು ನೋಡ್ತಾರೆ?”

“ನಾನು ನೋಡ್ತೀನಲ್ಲ.”

“ನೀನು ಕಣ್ಣು ಮುಚ್ಕೋ ಮಹಾತಾಯಿ.”

ಅವಳಿಗೆ ನಗು ಬಂತು, ನಕ್ಕರೆ ಹೆಗಲು ನೋಯುತ್ತಿತ್ತು, ಅದಕ್ಕೆ ಅವನನ್ನು ಬೈದಳು. ಅವನು ವ್ಯಾನು ಹಿಂದಕ್ಕೆ ಬಿಟ್ಟು, ದೀಪ ಮಿಣುಕಿಸುತ್ತ, ಆಮೆಯ ಹಿಂದೆ ಆಮೆಯಾಗಿ ಬಂದ. ಮಧ್ಯಾಹ್ನದ ಹೊತ್ತಿಗೆ ಊರು ಸೇರಿ, ಆರೋಗ್ಯ ಕೇಂದ್ರದ ಎದುರಿನ ಬೀದಿಯಲ್ಲಿ ಮೂರು ಮಹಡಿಯ ಹಳೆಯ ಕಟ್ಟಡವೊಂದರ ನೆರಳಿಗೆ ವ್ಯಾನು ನಿಲ್ಲಿಸಿದರು. ವ್ಯಾನಿನ ಎರಡೂ ಮಗ್ಗುಲಿಗೆ ಸಂಘದವರು ಮಾಡಿಸಿಕೊಟ್ಟ ಬ್ಯಾನರು. ಬ್ಯಾನರಿನ ತುಂಬ ಅವಳದೇ ಚಿತ್ರ: ಕೈಸೈಕಲ್ಲು, ಸಣಕಲು ಕಾಲು, ತಲೆಯ ಮೇಲೆ ಬಿಂದಿಗೆ ಗಾತ್ರದ ಎರಡು ಹನಿ. ಕೆಳಗೆ ನಾಲ್ಕು ಸಾಲು ಬರಹ. ಮಕ್ಕಳು ಸುತ್ತ ಮುತ್ತಿದವು. ಗಂಡ ಅದೇ ಚಿತ್ರದ ಕರಪತ್ರ ಹಂಚಿದ. ಸಂಜೆ ಅಮ್ಮನ ಫೋನು ಬಂತು, ದಿನವೂ ಬರುವಂತೆ.

“ಊಟ ಆಯ್ತಾ? ಯಾರೂ ಎತ್ತಿಲ್ಲ ತಾನೇ?”

“ಯಾರೂ ಎತ್ತಿಲ್ಲಮ್ಮ. ಅವಳೇನ್ಮಾಡ್ತಿದ್ದಾಳೆ?”

“ನಿನ್ನ ಮಗಳಾ? ಒಂದು ಕಡೆ ನಿಂತ್ರೆ ತಾನೇ ಏನ್ಮಾಡ್ತಿದ್ದಾಳೆ ಅಂತ ಹೇಳೋದು!”

ಆರೋಗ್ಯ ಕೇಂದ್ರದ ಹಿಂದಿನ ಕೋಣೆಯಲ್ಲಿ ಹಾಸಿದ್ದ ಚಾಪೆಯ ಮೇಲೆ ಬಿದ್ದವಳಿಗೆ ಬೆಳಗಾದದ್ದೇ ತಿಳಿಯಲಿಲ್ಲ.

ಬೆಳಿಗ್ಗೆ ಅವರು ಟೀ ಕುಡಿದು ಹೊರಡಲು ಅಣಿಯಾಗುತ್ತಿದ್ದರು. ಕೇಂದ್ರದ ನರ್ಸಮ್ಮ ಹನಿಯ ಐಸುಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಮನೆಮನೆ ಸುತ್ತಲು ಹೋದವರು ಇಷ್ಟು ಬೇಗ ತಿರುಗಿ ಬಂದಿದ್ದರು. ಮುಖ ಇಳಿದುಹೋಗಿತ್ತು. ಎದುರಿನ ಸ್ಟೂಲಿನ ತುದಿಯಲ್ಲಿ ಕೂತರು, ಎದ್ದರು, ಮತ್ತೆ ಕೂತರು.

“ಟೈಲರಮ್ಮ, ಬೇಜಾರು ಮಾಡ್ಕೋಬೇಡಿ. ಒಂದು ಎಡವಟ್ಟಾಗಿದೆ.”

“ಏನಾಯ್ತು ಹೇಳಿ.”

“ಎದುರುಗಡೆ ಕಟ್ಟಡ ಇದೆಯಲ್ಲ, ಅಲ್ಲಿ ಯಾರೂ ಬಾಗಿಲು ತೆಗೀತಿಲ್ಲ. ಹೋದ ಸಲ ಒಬ್ಬರೂ ತಕರಾರು ಮಾಡಿರಲಿಲ್ಲ. ಮೂರನೇ ಮಹಡೀಲಿ ಒಬ್ಬ ಅಜ್ಜಿ ಇದ್ದಾರೆ. ಮಗ ಸೊಸೆ ಕೆಲಸಕ್ಕೆ ಹೋಗ್ತಾರೆ, ಮೊಮ್ಮಗು ಅಜ್ಜಿ ಕೈಲೇ ಇರೋದು. ಆ ಅಜ್ಜಿ ಬೇಡ ಅಂದಿದ್ದಾರೆ. ಅಜ್ಜಿ ಬೇಡ ಅಂದ್ರೆ ಆ ಕಟ್ಟಡದಲ್ಲಿ ಎಲ್ಲರೂ ಬೇಡ ಅಂದ ಹಾಗೆ.”

“ಯಾಕಂತೆ?”

ನರ್ಸಮ್ಮ ಅವಳ ಮುಖ ನೋಡಲಿಲ್ಲ, ಗಂಡನ ಮುಖ ನೋಡಿದರು. “ನಿಮ್ಮ ವ್ಯಾನು ನೋಡಿ ಅಂತೆ.”

ಅಜ್ಜಿಗೆ ಓದು ಬರುವುದಿಲ್ಲ. ಬಸ್‌ನಿಲ್ದಾಣದ ಪಕ್ಕ ಬೀಡಿ ಸಿಗರೇಟಿನ ಗೂಡಂಗಡಿ ಇಟ್ಟುಕೊಂಡು ಬದುಕು ಸವೆಸಿದವಳು. ಮಂಡಿ ಕೈಕೊಟ್ಟ ಮೇಲೆ ಮನೆ ಸೇರಿದ್ದಳು. ಸಿಗರೇಟು ಪ್ಯಾಕಿನ ಮೇಲೆ ಕೊಳೆತ ಬಾಯಿ, ಕಪ್ಪಾದ ಶ್ವಾಸಕೋಶ ಹಾಕಿರುತ್ತಾರಲ್ಲ, ಸೇದಿದರೆ ಹೀಗಾಗುತ್ತದೆ ಅಂತ, ಅದೇ ಅವಳ ಅಕ್ಷರಮಾಲೆ. ನಿನ್ನೆ ಬಾಲ್ಕನಿಯಿಂದ ಬಗ್ಗಿ ನೋಡಿದಾಗ ಕಂಡದ್ದೇನು? ಮೇಲೆ ಎರಡು ಹನಿ. ಕೆಳಗೆ ಸೊರಗಿದ ಕಾಲು. ಹನಿ ಹಾಕಿಸಿದರೆ ಹೀಗಾಗುತ್ತದೆ ಎಂದು ಸರ್ಕಾರದವರೇ ಕೊನೆಗೂ ನಿಜ ಒಪ್ಪಿಕೊಂಡು ಚಿತ್ರ ಹಾಕಿಕೊಂಡು ಬಂದಿದ್ದಾರೆ, ಪುಣ್ಯಾತ್ಮರು ಎಂದು ಅವಳು ಮಹಡಿ ಮಹಡಿಗೂ ಕೂಗಿ ಹೇಳಿದ್ದಳು.

ಟೈಲರಮ್ಮ ಕಿಟಕಿಯಿಂದ ವ್ಯಾನಿನ ಮಗ್ಗುಲು ನೋಡಿದಳು. ಮೂರು ವಾರದಿಂದ ದಿನವೂ ನೋಡಿದ ಚಿತ್ರ. ಈಗ ಅಜ್ಜಿಯ ಕಣ್ಣಿನಿಂದ ನೋಡಿದಳು. ಹೌದಲ್ಲ. ಬೇರೆ ಇನ್ನೇನು ಅಂದುಕೊಳ್ಳಬೇಕು?

ಗಂಡ ಕಾರ್ಯದರ್ಶಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ.

“ಅದು ಹೇಗ್ರೀ ಹಾಗಾಗತ್ತೆ?” ಎಂದಿತು ಅತ್ತಲಿನ ದನಿ. “ಕೆಳಗೆ ಸ್ಪಷ್ಟವಾಗಿ ಬರೆದಿದೆ. ಡಿಸೈನನ್ನ ಕಮಿಟಿ ಒಪ್ಪಿದೆ. ಎರಡು ಸಲ ತಿದ್ದಿಸಿದ್ದೀವಿ.”

“ಏನು ತಿದ್ದಿಸಿದ್ರಿ?”

“ಹನಿ ಸಣ್ಣದಾಗಿತ್ತು, ದೊಡ್ಡದು ಮಾಡಿಸಿದ್ವಿ. ಈಗ ಆ ತಲೆಬಿಸಿ ಬಿಡಿ, ಅಲ್ಲಿಯ ಆರೋಗ್ಯದವರು ನೋಡ್ಕೋತಾರೆ. ನಾಳೆ ಮಂತ್ರಿಗಳು ಕಾಯ್ತಿರ್ತಾರೆ. ಹೊರಡಿ ಹೊರಡಿ.”

ಗಂಡ ಫೋನು ಜೇಬಿಗಿಟ್ಟು ಅವಳನ್ನು ನೋಡಿದ. ಅವಳು ಟೀ ಲೋಟವನ್ನು ಕೆಳಗಿಟ್ಟಳು.

“ನೀವು ಹೋಗಿ ಒಂದು ಮಾತು ಹೇಳಿ ಬನ್ನಿ.”

ಅವನು ಹೋದಷ್ಟೇ ಬೇಗ ಮೆಟ್ಟಿಲಿಳಿದು ಬಂದ. “ಅಜ್ಜಿ ನನ್ನನ್ನ ಮೇಲಿಂದ ಕೆಳಗಿನವರೆಗೆ ನೋಡಿ, ‘ನಿನ್ನ ಕಾಲು ಕಂಬ ಇದ್ದಂಗಿದೆಯಲ್ಲಪ್ಪ, ನಿಂಗೇನು ಗೊತ್ತು? ಆ ಚಿತ್ರದ ಹೆಂಗಸು ಬಂದು ಹೇಳಲಿ’ ಅಂದ್ರು. ಫೋನ್ ಮಾಡಿಸ್ತೀನಿ ಅಂದೆ. ‘ಫೋನಲ್ಲಿ ಯಾರು ಬೇಕಾದ್ರೂ ಯಾರಾದ್ರೂ ಆಗ್ಬಹುದು’ ಅಂದ್ರು.”

“ಅಜ್ಜೀನ ಕೆಳಗೆ ಕರ್ಕೊಂಡು ಬರೋಕಾಗಲ್ವಾ?”

“ಮಂಡಿ ನೋವು, ಇಳಿದು ವರ್ಷ ಆಯ್ತಂತೆ. ಎತ್ಕೊಂಡು ಬರ್ಲಾ ಅಜ್ಜಿ ಅಂದೆ. ಪೊರಕೆ ಎಲ್ಲಿದೆ ಅಂತ ಹುಡುಕಿದ್ರು.”

ನರ್ಸಮ್ಮ ನಕ್ಕುಬಿಟ್ಟರು, ಆಮೇಲೆ ಐಸುಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಿಟ್ಟುಕೊಂಡರು.

“ಇವತ್ತು ಈ ಸುತ್ತಿನ ಕೊನೆ ದಿನ,” ಎಂದರು. “ಇವತ್ತು ತಪ್ಪಿದ್ರೆ ಬಾಗಿಲಿಗೆ ಗುರುತು ಹಾಕಿ ಮುಂದೆ ಹೋಗೋದೇ ನಮ್ಮ ಕೆಲಸ.”

ಟೈಲರಮ್ಮ ಊರುಗೋಲಿಗೆ ಕೈ ಚಾಚಿದಳು. “ನಾನು ಹತ್ತುತ್ತೀನಿ.”

“ಆ ಹೆಗಲು ಇಟ್ಕೊಂಡಾ?” ಎಂದ ಗಂಡ.

“ಇನ್ಯಾರ ಹೆಗಲು ಇಟ್ಕೊಂಡು ಹತ್ತಲಿ? ನನ್ನ ಕಾಲು ನೋಡಿ ತಾನೇ ಅವರು ಹೆದರಿರೋದು. ಮೂರು ಮಹಡಿ ತಾನೇ? ನಾನು ಹತ್ತದೇ ಇರೋ ಮಾಳಿಗೆಯಾ?”

ಮೆಟ್ಟಿಲು ಕಿರಿದು, ಕತ್ತಲು. ಹಿಡಿಗಂಬಿ ಇತ್ತು ಎನ್ನುವುದಕ್ಕೆ ಗೋಡೆಯಲ್ಲಿ ತೂತುಗಳು ಮಾತ್ರ ಉಳಿದಿದ್ದವು. ಪ್ರತಿ ಬಾಗಿಲ ಮುಂದೂ ಚಪ್ಪಲಿಗಳು, ಬಕೆಟ್ಟು, ಒಂದು ಕಡೆ ಮುರಿದ ಮಕ್ಕಳ ಕುರ್ಚಿ. ಅವಳು ಊರುಗೋಲುಗಳನ್ನು ಗಂಡನ ಕೈಗೆ ಕೊಟ್ಟು, ಮೊದಲ ಮೆಟ್ಟಿಲಿಗೆ ಬೆನ್ನು ಹಾಕಿ ಕುಳಿತಳು. ಹಿಂಬದಿಗೆ ದಪ್ಪ ಪಟ್ಟಿ ಕೊಟ್ಟು ಹೊಲಿದುಕೊಂಡ ಪ್ಯಾಂಟು, ಮೆಟ್ಟಿಲಿಗೆಂದೇ ಹೊಲಿದದ್ದು. ಅಂಗೈ ಊರಿದಳು. ಉಸಿರು ಹಿಡಿದಳು. ಎಳೆದುಕೊಂಡಳು.

ನರ್ಸಮ್ಮ ಮುಂದೆ ಹೋಗಿ ಮೇಲಿನ ತಿರುವಿನಲ್ಲಿ ನಿಂತರು. ಗಂಡ ಎರಡು ಮೆಟ್ಟಿಲು ಕೆಳಗೆ, ಊರುಗೋಲುಗಳನ್ನು ಬಂದೂಕಿನಂತೆ ಹೆಗಲ ಮೇಲಿಟ್ಟುಕೊಂಡು, ಅವಳ ಮುಖವನ್ನೇ ನೋಡುತ್ತ ಬಂದ.

“ಹಾಗೆ ನೋಡ್ಬೇಡಿ. ದೃಷ್ಟಿ ಆಗತ್ತೆ.”

“ಇಷ್ಟು ವರ್ಷ ನೋಡಿದ್ದೀನಿ, ಈಗ ಆಗತ್ತಾ?”

ಮೊದಲ ಮಹಡಿಯಲ್ಲಿ ಒಂದು ಬಾಗಿಲು ಬೆರಳಗಲ ತೆರೆಯಿತು. ಒಳಗಿನಿಂದ ಒಂದು ಕಣ್ಣು ಅವಳ ಕಾಲನ್ನು ನೋಡಿತು, ಆಮೇಲೆ ಅವಳು ಏರುವ ಬಗೆಯನ್ನು ನೋಡಿತು. “ನೀರು ಬೇಕಾ?” ಎಂದಿತು ಒಂದು ದನಿ. ಅವಳು ಬೇಡವೆಂದು ತಲೆಯಾಡಿಸಿದಳು. ಮಾತಿಗೆ ಉಸಿರು ಖರ್ಚು ಮಾಡುವಂತಿರಲಿಲ್ಲ.

ಎರಡನೇ ಮಹಡಿಯ ಅರ್ಧದಲ್ಲಿ ಬಲ ಹೆಗಲು ಟಕ್ಕೆಂದು ಸದ್ದು ಮಾಡಿತು. ದೊಡ್ಡ ಸದ್ದೇನಲ್ಲ. ದಾರ ಹಲ್ಲಿನಲ್ಲಿ ಕಡಿದಷ್ಟು. ಕೈ ಊರಿದ ಹಾಗೆಯೇ ಮೊಣಕೈ ಮಡಚಿತು, ಅವಳು ಏರಿದ್ದ ಮೆಟ್ಟಿಲಿನಿಂದ ಒಂದು ಮೆಟ್ಟಿಲು ಕೆಳಗೆ ಜಾರಿ ಕುಳಿತಳು. ಗಂಡ ಮುಂದಕ್ಕೆ ಬಂದ, ಅವಳ ಕಣ್ಣು ನೋಡಿ ಅಲ್ಲೇ ನಿಂತ. ಅದೇ ಅವರ ಸಂಸಾರದ ಕಟ್ಟಳೆ: ಅವಳು ಬಿದ್ದಾಗ ಅವನು ಹತ್ತಿರ ಬರುತ್ತಾನೆ, ಮುಟ್ಟುವುದಿಲ್ಲ, ಕಾಯುತ್ತಾನೆ.

ಅವಳು ಇನ್ನೊಮ್ಮೆ ಅಂಗೈ ಊರಿದಳು. ಎಡಗೈ ಮಾತು ಕೇಳಿತು. ಬಲಗೈ ತನಗೂ ಇದಕ್ಕೂ ಸಂಬಂಧವಿಲ್ಲ ಎನ್ನುವಂತೆ ಮಡಿಲಲ್ಲಿ ಬಿದ್ದುಕೊಂಡಿತು. ಒಂದೇ ಕೈಯಲ್ಲಿ ಎಳೆದುಕೊಳ್ಳಲು ನೋಡಿದಳು. ಮೈ ಓರೆಯಾಗಿ ಗೋಡೆಗೆ ತಾಗಿತು. ಈ ತೋಳಿನಲ್ಲಿ ಅದೆಷ್ಟು ಏರು ಏರಿದ್ದಳು! ಊರೂರಿನ ವೇದಿಕೆಗಳ ಮುಂದೆ ಚಪ್ಪಾಳೆ ಹೊಡೆಸಿಕೊಂಡು, ಕೆಲಸ ಬಂದ ಹೊತ್ತಿಗೆ ತೋಳನ್ನೇ ಮುಗಿಸಿಕೊಂಡು ಬಂದಿದ್ದಳು.

ಮೇಲಿನಿಂದ ಒಂದು ಒಡಕು ದನಿ ಕೇಳಿತು. “ಎಲ್ಲಿವರೆಗೆ ಬಂದ್ರೇ?”

“ಎರಡನೇ ಮಹಡಿ ಅಜ್ಜಿ,” ಎಂದು ನರ್ಸಮ್ಮ ಕೂಗಿದರು.

“ಕೂಸಿಗೆ ನಿದ್ದೆ ಬರ್ತಿದೆ. ಬೇಗ ಬರೋಕೆ ಹೇಳು.”

ಟೈಲರಮ್ಮ ಗೋಡೆಗೆ ತಲೆಯಾನಿಸಿದಳು. ತಿರುಗಿ ಹೋಗಬಹುದಿತ್ತು. ಇಳಿಯುವುದು ಏರಿದಷ್ಟು ಕಷ್ಟವಲ್ಲ. ಯಾರೂ ಏನೂ ಅನ್ನುತ್ತಿರಲಿಲ್ಲ, ನಾಳೆ ಮಂತ್ರಿಗಳು ಹೂಗುಚ್ಛ ಕೊಡುತ್ತಿದ್ದರು, ಅಮ್ಮ ಪಕ್ಕದ ಮನೆಯವರಿಗೆ ಹೇಳಿಕೊಳ್ಳುತ್ತಿದ್ದಳು. ನರ್ಸಮ್ಮ ಮೇಲಿನ ಬಾಗಿಲಿಗೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕುತ್ತಿದ್ದರು.

“ರೀ,” ಎಂದಳು.

“ಹೂಂ.”

“ಎತ್ಕೊಳ್ಳಿ.”

“ಏನನ್ನ?”

“ನನ್ನನ್ನ. ಇನ್ನೇನನ್ನ? ಕಿವಿ ಕೇಳಲ್ವಾ ನಿಮ್ಗೆ?”

ಅವನು ಊರುಗೋಲುಗಳನ್ನು ಗೋಡೆಗೆ ಒರಗಿಸಿದ. ಒಂದು ಜಾರಿ ಬಿತ್ತು, ಮತ್ತೆ ಒರಗಿಸಿದ. ಎರಡೂ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಅವಳ ಎದುರು ಮಂಡಿಯೂರಿ ಕೂತ. ಕೂತವನು ಕೈ ಎತ್ತಲಿಲ್ಲ.

“ಎಲ್ಲಿ ಹಿಡೀಬೇಕು?”

“ದಿನಾ ಮೂಟೆ ಎತ್ತುತ್ತೀರಲ್ಲ!”

“ಮೂಟೆ ಮಾತಾಡಲ್ಲ ಕಣೇ.” ಅವನು ಅಂಗೈಗಳನ್ನು ಮತ್ತೊಮ್ಮೆ ಒರೆಸಿಕೊಂಡ. “ನಿಮ್ಮಮ್ಮ ನನ್ನನ್ನ ಸುಮ್ನೆ ಬಿಡಲ್ಲ.”

“ಅಮ್ಮನ ಹತ್ರ ನಾನು ಮಾತಾಡ್ತೀನಿ. ಮಂಡಿ ಕೆಳಗೆ ಒಂದು ಕೈ, ಬೆನ್ನ ಹಿಂದೆ ಒಂದು ಕೈ. ಬಲ ಹೆಗಲು ಮುಟ್ಟಬೇಡಿ. ಹಾಂ. ಈಗ ಏಳಿ.”

ಅವನು ಎದ್ದ. ಅವಳು ಎಡಗೈಯನ್ನು ಅವನ ಕತ್ತಿನ ಸುತ್ತ ಹಾಕಿಕೊಂಡಳು. ನೆಲ ಒಮ್ಮೆಲೇ ದೂರವಾಯಿತು. ಎಷ್ಟೋ ವರ್ಷಗಳ ನಂತರ ಅವಳು ಮೆಟ್ಟಿಲಿನ ಮೇಲ್ಭಾಗವನ್ನು ಏರುತ್ತಲೇ ನೋಡಿದಳು: ಮಾಸಿದ ಗೋಡೆ, ಮೇಲಿನ ಕಿಟಕಿಯ ಬೆಳಕು, ಆ ಬೆಳಕಿನಲ್ಲಿ ಬಾಯಿಗೆ ಕೈಯಿಟ್ಟು ನಿಂತ ನರ್ಸಮ್ಮ. ಅವನ ಉಸಿರು ಅವಳ ಹಣೆಗೆ ತಾಗುತ್ತಿತ್ತು. ಡೀಸೆಲ್ಲಿನ ವಾಸನೆ. ಅಮ್ಮನ ಕಂಕುಳಲ್ಲಿ ಸೋಪಿನ ವಾಸನೆ ಇರುತ್ತಿತ್ತು. ಪ್ರತಿ ಮೆಟ್ಟಿಲಿಗೂ ಅವನ ಸೊಂಟ ಒಂದಿಷ್ಟು ಬಗ್ಗಿ ನೆಟ್ಟಗಾಗುವುದು ಅವಳ ಮೈಗೆ ತಿಳಿಯುತ್ತಿತ್ತು. ತಿಳಿಯಬಾರದೆಂದೇ ತಾನೇ ಆ ಮಾತು ಕೊಟ್ಟದ್ದು!

“ಭಾರ ಇದ್ದೀನಾ?”

“ಸುಮ್ನಿರು. ಉಸಿರು ಹೋಗತ್ತೆ.”

ಅಜ್ಜಿ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದಳು. ಎರಡೂ ಮಂಡಿಗೆ ಪಟ್ಟಿ ಸುತ್ತಿತ್ತು. ಮಡಿಲಲ್ಲಿ ಕೂಸು, ಕಣ್ಣು ಉಜ್ಜಿಕೊಳ್ಳುತ್ತ. ಗಂಡ ಅವಳನ್ನು ಹೊಸ್ತಿಲ ಒಳಗಿನ ನೆಲದ ಮೇಲೆ ಇಳಿಸಿ, ಗೋಡೆ ಹಿಡಿದು ನಿಂತು ಏದುಸಿರು ಬಿಟ್ಟ. ಅಜ್ಜಿ ಕೆಳಗೆ ಬಗ್ಗಿ ಮುಖ ನೋಡಿದಳು, ಆಮೇಲೆ ಕಾಲು.

“ಅದೇ ಮುಖ,” ಎಂದಳು. “ಪ್ಯಾಂಟು ಮೇಲೆತ್ತು.”

ಅವಳು ಎಡಗೈಯಲ್ಲಿ ಪ್ಯಾಂಟಿನ ಅಂಚು ಮೇಲೆ ಸರಿಸಿದಳು. ಅಜ್ಜಿ ಹೆಬ್ಬೆರಳಿನಿಂದ ಮೀನಖಂಡ ಒತ್ತಿ ನೋಡಿದಳು, ಸಂತೆಯಲ್ಲಿ ತರಕಾರಿ ಒತ್ತಿ ನೋಡುವಂತೆ. ಒತ್ತಲು ಅಲ್ಲಿ ಹೆಚ್ಚೇನೂ ಇರಲಿಲ್ಲ.

“ಹನಿ ಹಾಕಿಸ್ಕೊಂಡೇ ಹೀಗಾಯ್ತಾ?”

ಅವಳ ನಾಲಿಗೆಯ ತುದಿಗೆ ಭಾಷಣದ ವಾಕ್ಯ ಬಂತು. ಅದನ್ನು ಹೇಳಲಿಲ್ಲ.

“ಹಾಕಿಸ್ಕೊಳ್ಳದೆ ಅಜ್ಜಿ. ಹನಿಯವರು ಬಂದಾಗ ನಮ್ಮನೆಗೆ ಬೀಗ ಹಾಕಿತ್ತು. ಅಮ್ಮ ಕೂಲಿಗೆ ಹೋಗಿದ್ಲು. ತಿರುಗಿ ಬಂದ ಮೇಲೆ ಜ್ವರ ಬಂತು, ಅಷ್ಟೇ.”

“ಮತ್ತೆ ಆ ಚಿತ್ರದಲ್ಲಿ ತಲೆ ಮೇಲೆ ಹನಿ ಯಾಕೆ ಸುರಿದಿದ್ದಾರೆ?”

“ಸುರೀಬೇಕಿತ್ತು, ಸುರೀಲಿಲ್ಲ ಅಂತ.”

“ಸುರೀದೇ ಇದ್ದದ್ದನ್ನ ಯಾರಾದ್ರೂ ಚಿತ್ರ ಬರೀತಾರಾ? ಬರೆದವನಿಗೆ ತಲೆ ಇಲ್ವಾ?”

“ಒಂದು ತಲೆ ಅಲ್ಲ ಅಜ್ಜಿ, ಕಮಿಟಿನೇ ಇದೆ,” ಎಂದ ಗಂಡ, ಗೋಡೆ ಹಿಡಿದುಕೊಂಡೇ.

ಅಜ್ಜಿ ನಗಲಿಲ್ಲ. ಕೂಸಿನ ಕಾಲನ್ನು ಕೈಯಲ್ಲಿ ಹಿಡಿದುಕೊಂಡು ತುಂಬ ಹೊತ್ತು ಏನೋ ಅಳೆಯುತ್ತಿದ್ದಳು.

“ನಿಂಗೆ ಮಕ್ಕಳಿದ್ದಾವಾ?”

“ಒಬ್ಬಳು ಮಗಳು.”

“ಅವಳಿಗೆ ಹಾಕಿಸಿದ್ಯಾ?”

“ಹಾಕಿಸಿದೆ. ಪ್ರತಿ ಸಲಾನೂ.”

“ಓಡ್ತಾಳಾ?”

ಈ ಮೂರು ವಾರದಲ್ಲಿ ಯಾವ ವೇದಿಕೆಯಲ್ಲೂ ಯಾರೂ ಕೇಳದ ಪ್ರಶ್ನೆ. ಮಗಳನ್ನು ನೋಡಿ ಎಷ್ಟು ದಿನವಾಗಿತ್ತು!

“ಓಡ್ತಾಳೆ ಅಜ್ಜಿ,” ಎಂದಳು. “ಹಿಡಿಯೋಕಾಗಲ್ಲ. ಬೈದ್ರೆ ಇನ್ನೂ ದೂರ ಓಡ್ತಾಳೆ, ನನ್ನ ಕೈಗೆ ಸಿಗಲ್ಲ ಅಂತ ಗೊತ್ತು ಅವಳಿಗೆ.”

ಅಜ್ಜಿ ನರ್ಸಮ್ಮನ ಕಡೆ ತಿರುಗಿದಳು. “ಏನು ನಿಂತ್ಕೊಂಡು ನೋಡ್ತಿದ್ದೀಯ? ಪೆಟ್ಟಿಗೆ ತೆಗಿ. ಕೂಸು ಮಲಗಿಬಿಡತ್ತೆ.”

ನರ್ಸಮ್ಮ ಕೂಸಿನ ಕೆನ್ನೆ ಒತ್ತಿ ಬಾಯಿ ತೆರೆಸಿ ಎರಡು ಹನಿ ಬಿಟ್ಟರು. ಕೂಸು ಮುಖ ಸಿಂಡರಿಸಿತು, ಚಪ್ಪರಿಸಿತು, ಅಳಬೇಕೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿ ಅತ್ತಿತು. ಕಿರುಬೆರಳಿಗೆ ಶಾಯಿ ಬಿತ್ತು. ಅಜ್ಜಿ ಕುಳಿತಲ್ಲಿಂದಲೇ ಮೆಟ್ಟಿಲಿನ ಕಡೆ ಮುಖ ಮಾಡಿ ಕೂಗಿದಳು: “ಏಯ್, ಎಲ್ರೂ ಕೇಳ್ರೇ! ಚಿತ್ರ ತಪ್ಪಂತೆ, ಹನಿ ಸರಿಯಂತೆ! ಬಾಗಿಲು ತೆಗೀರಿ!” ಕೆಳಗೆ ಎಲ್ಲೋ ಒಂದು ಚಿಲಕ ಸರಿಯಿತು. ಸ್ವಲ್ಪ ತಡೆದು ಇನ್ನೊಂದು.

ಇಳಿಯುವಾಗಲೂ ಗಂಡನೇ ಎತ್ತಿಕೊಂಡ. ಈ ಸಲ ಎಲ್ಲಿ ಹಿಡಿಯಬೇಕೆಂದು ಕೇಳಲಿಲ್ಲ.

ಕೇಂದ್ರದಲ್ಲಿ ಡಾಕ್ಟರು ಅವಳ ತೋಳನ್ನು ಜೋಲಿಯಲ್ಲಿ ಕಟ್ಟಿ, ಇನ್ನು ಕೆಲವು ವಾರ ಕೈಸೈಕಲ್ಲಿನ ಹೆಸರೆತ್ತಬಾರದು ಎಂದರು. ಯೂನಿಫಾರ್ಮಿನ ಕಾಲ ಬರುತ್ತಿದೆಯಲ್ಲ ಎಂದು ಅವಳಿಗೆ ಮೊದಲು ನೆನಪಾದದ್ದು ಮಶೀನು. ಕಾರ್ಯದರ್ಶಿಯ ಫೋನು ಮೇಲಿಂದ ಮೇಲೆ ಬಂತು. ಗಂಡ ಒಂದು ಸಲ ಎತ್ತಿ, “ಬರೋಕಾಗಲ್ಲ, ಕೈ ಹೋಗಿದೆ” ಎಂದಷ್ಟೇ ಹೇಳಿ ಇಟ್ಟ. ಆಮೇಲೆ ವ್ಯಾನಿನ ಎರಡೂ ಮಗ್ಗುಲಿನ ಬ್ಯಾನರು ಬಿಚ್ಚಿ, ಚಿತ್ರ ಒಳಗಾಗುವಂತೆ ಸುತ್ತಿ, ಸೀಟಿನ ಕೆಳಗೆ ತುರುಕಿದ.

ಇಷ್ಟರಲ್ಲಿ ನರ್ಸಮ್ಮ, ಇವರಿಬ್ಬರು ದಾಟಿ ಬಂದ ಊರುಗಳ ನರ್ಸುಗಳಿಗೆ ಒಬ್ಬೊಬ್ಬರಿಗೇ ಫೋನು ಮಾಡಿ, ಚಿತ್ರ ನೋಡಿ ಹನಿ ಬೇಡ ಅಂದವರು ಅಲ್ಲೂ ಇದ್ದಾರಾ ಎಂದು ಕೇಳುತ್ತಿದ್ದರು. ಹೆಚ್ಚಿನವರು ನಮ್ಮಲ್ಲಿ ಹಾಗೇನಿಲ್ಲ ಎಂದರು. ಒಬ್ಬಳು ಕೇಳಿ ಹೇಳುತ್ತೇನೆ ಎಂದಳು. ಇನ್ನೊಬ್ಬಳು, “ಅದಕ್ಕಾ ಆ ಬೀದಿಯವರು ಮುಖ ತಿರುಗಿಸಿದ್ದು!” ಎಂದಳು.

ಗಂಡ ಮೆಟ್ಟಿಲ ಮೇಲೆ ಕುಳಿತು ಸೊಂಟ ನೀವಿಕೊಳ್ಳುತ್ತಿದ್ದ. “ಹಾಗಾದ್ರೆ ಹಿಂದಕ್ಕಾ?”

“ಹಿಂದಕ್ಕೆ. ವ್ಯಾನಲ್ಲೇ ಹೋಗೋಣ.”

“ಅಲ್ಲೂ ಮೆಟ್ಟಿಲಿದ್ರೆ?”

ಅವಳು ಎಡಗೈಯಲ್ಲಿ ಊರುಗೋಲುಗಳನ್ನು ಅವನ ಕಡೆ ಚಾಚಿದಳು. ಅವನು ಅವನ್ನು ತೆಗೆದುಕೊಂಡು ವ್ಯಾನಿನೊಳಗಿಟ್ಟ.

ಸಂಜೆ ಅಮ್ಮನ ಫೋನು ಬಂತು. ಅತ್ತ ಮಗಳು ಓಡಾಡುವ ದಡದಡ ಸದ್ದು.

“ಊಟ ಆಯ್ತಾ? ಯಾರೂ ಎತ್ತಿಲ್ಲ ತಾನೇ?”

“ಎತ್ತಿದ್ರಮ್ಮ.”

ಮಗಳ ಓಟದ ಸದ್ದು ಹತ್ತಿರ ಬಂದು ದೂರ ಹೋಯಿತು.

“ಯಾರು?”

“ನಿನ್ನ ಅಳಿಯ.”

“ಎಷ್ಟು ದೂರ?”

“ಹತ್ತೋವಾಗ ಒಂದೂವರೆ ಮಹಡಿ. ಇಳಿಯೋವಾಗ ಮೂರೂ.”

“ಅವನ ಸೊಂಟ ಹೇಗಿದೆ?” ಎಂದಳು ಅಮ್ಮ.

“ನೋಯ್ತಿದೆ ಅಂತೆ.”

“ಬಿಸಿನೀರಲ್ಲಿ ಬಟ್ಟೆ ಅದ್ದಿ ಇಡೋಕೆ ಹೇಳು,” ಎಂದಳು ಅಮ್ಮ. ಫೋನು ಇಡುವ ಮುಂಚೆ ಯಾಕೆ ಏನು ಎಂದು ಕೇಳಲಿಲ್ಲ.

ಅವಳು ಅಮ್ಮನಿಗೆ ಕೊಟ್ಟ ಮಾತು ಅಂದು ಮುರಿಯಿತು.